ಮೇಷ್ಟ್ರೇ, ಆ 68 ಲಕ್ಷದಲ್ಲಿ ಅರ್ಧ ಅವರು ಉಳಿಸಿದ್ದು

ಪ್ರಶ್ನೆ: ನನಗೆ 64 ವರ್ಷ. ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದೆ. ತಿಂಗಳಿಗೆ 46 ಸಾವಿರ ಪೆನ್ಷನ್ ಬರುತ್ತದೆ. ಸ್ವಂತ ಮನೆ ಇದೆ, ಸಾಲ ಇಲ್ಲ. ಮಗ, ಮಗಳು ಇಬ್ಬರೂ ಕೆಲಸದಲ್ಲಿದ್ದಾರೆ. 68 ಲಕ್ಷ ಎಫ್‌ಡಿ ಇದೆ. ಅದರಲ್ಲಿ 48 ಲಕ್ಷ ಸರ್ಕಾರಿ ಬ್ಯಾಂಕಿನಲ್ಲಿ, 20 ಲಕ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿ. ಅಲ್ಲಿ ಬಡ್ಡಿ ಒಂದು ಪರ್ಸೆಂಟ್ ಜಾಸ್ತಿ. ಮನೆ ಖರ್ಚು 22 ಸಾವಿರ ದಾಟುವುದಿಲ್ಲ. ಚಿಕ್ಕಂದಿನಿಂದ ಹಿಡಿತದಲ್ಲೇ ಬದುಕಿದವನು ನಾನು. ಹೆಂಡತಿಗೆ ಎರಡು ವರ್ಷದಿಂದ ಮಂಡಿ ನೋವು, ಡಾಕ್ಟರು ಆಪರೇಷನ್ ಅಂದಿದ್ದಾರೆ, ನೋಡೋಣ ಅಂದಿದ್ದೇನೆ. ವಾಷಿಂಗ್ ಮೆಷಿನ್ ಬೇಕು ಅನ್ನುತ್ತಾಳೆ. ಮೊನ್ನೆ ಜಗಳವಾಗಿ, ‘ಇದ್ದೂ ಇಲ್ಲದವರ ಹಾಗೆ ಬದುಕಿದ್ದು ಸಾಕಾಯ್ತು’ ಅಂದಳು. ನನ್ನ ಷಡ್ಡಕನದೂ ಇದೇ ನೌಕರಿ, ಇದೇ ಸಂಬಳ. ಅವನ ಹತ್ತಿರ ಕಾರಿದೆ, ಊರೂರು ಸುತ್ತುತ್ತಾನೆ, ಮನೆ ಸಾಲ ಇನ್ನೂ ಕಟ್ಟುತ್ತಿದ್ದಾನೆ. ನಮ್ಮಿಬ್ಬರಲ್ಲಿ ಶ್ರೀಮಂತ ಯಾರು? ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತ ಹಿರಿಯರು ಹೇಳಿದ್ದು ಸುಳ್ಳಾ? ಮಕ್ಕಳಿಗೆ ಇರಲಿ ಅಂತ ಉಳಿಸುವುದು ತಪ್ಪಾ?

ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ್ದು ಶ್ರೀಮಂತ ಯಾರು ಅಂತ. ಆದರೆ ನಡುವೆ ಒಂದು ಸಾಲು ಬಂದು ಹೋಗುತ್ತದೆ, ಮನೆಯವರ ಮಂಡಿ ನೋವಿನದು. ‘ನೋಡೋಣ ಅಂದಿದ್ದೇನೆ’ ಅಂತ ಬರೆದು ನೀವು ಮುಂದೆ ಹೋಗಿದ್ದೀರಿ. ನನಗೆ ಅದನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ. ಇಡೀ ಉತ್ತರ ಆ ಸಾಲಿನ ಸುತ್ತಲೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಲೆಕ್ಕ ಮಾಡೋಣ. ನೀವು ಗಣಿತದ ಮೇಷ್ಟ್ರು, ಅದು ನಿಮಗೆ ಹತ್ತಿರದ ಭಾಷೆ.

68 ಲಕ್ಷಕ್ಕೆ 7 ಪರ್ಸೆಂಟ್ ಅಂತ ಹಿಡಿದರೂ ವರ್ಷಕ್ಕೆ 4 ಲಕ್ಷ 76 ಸಾವಿರ ಬಡ್ಡಿ. ತಿಂಗಳಿಗೆ ಹತ್ತಿರ ಹತ್ತಿರ 39,600. ಇದಕ್ಕೆ ಪೆನ್ಷನ್ 46 ಸಾವಿರ ಸೇರಿಸಿ. ತಿಂಗಳಿಗೆ 85 ಸಾವಿರದ ಮೇಲಾಯಿತು. ಖರ್ಚು 22 ಸಾವಿರ. ಅಂದರೆ 64ನೇ ವಯಸ್ಸಿನಲ್ಲಿ, ಯಾವ ಕೆಲಸಕ್ಕೂ ಹೋಗದೆ, ನೀವು ಪ್ರತಿ ತಿಂಗಳು 63 ಸಾವಿರದಷ್ಟು ಉಳಿಸುತ್ತಿದ್ದೀರಿ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಯಾವತ್ತಾದರೂ ತಿಂಗಳಿಗೆ ಇಷ್ಟು ಉಳಿಸಿದ್ದಿರಾ? ಖಂಡಿತ ಇಲ್ಲ. ನಿಮ್ಮ ದುಡ್ಡು ನಿಮಗಿಂತ ಜೋರಾಗಿ ದುಡಿಯುತ್ತಿದೆ. ಅದನ್ನು ನೀವಿನ್ನೂ ಗಮನಿಸಿಲ್ಲ ಅನ್ನಿಸುತ್ತದೆ.

ಇನ್ನೊಂದು ಲೆಕ್ಕ. ‘68 ಲಕ್ಷ ಎಫ್‌ಡಿ ಇದೆ’ ಅಂತ ಬರೆದಿದ್ದೀರಿ. ಅದು ಪೂರ್ತಿ ಅಲ್ಲ. ಪೆನ್ಷನ್ ಇಲ್ಲದ ಒಬ್ಬ ಅಂಗಡಿಯವರು ತಿಂಗಳಿಗೆ 46 ಸಾವಿರ ಬಡ್ಡಿ ಪಡೆಯಬೇಕಾದರೆ, 7 ಪರ್ಸೆಂಟ್ ದರದಲ್ಲಿ ಸುಮಾರು 79 ಲಕ್ಷ ಇಡಬೇಕು. ಆ 79 ಲಕ್ಷ ನಿಮ್ಮ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ, ಆದರೆ ಇದೆ. ಅವರ ಬಡ್ಡಿಗೆ ತುಟ್ಟಿಭತ್ಯೆ ಇಲ್ಲ, ನಿಮ್ಮ ಪೆನ್ಷನ್‌ಗೆ ಇದೆ. ನಿಮ್ಮ ನಂತರ ಮನೆಯವರಿಗೆ ಕುಟುಂಬ ಪಿಂಚಣಿಯೂ ಬರುತ್ತದೆ, ಮೊತ್ತ ಮಾತ್ರ ನಿಮ್ಮ ಪೆನ್ಷನ್‌ಗಿಂತ ಕಡಿಮೆ. ಕರ್ನಾಟಕದಲ್ಲಿ 2006ರ ಏಪ್ರಿಲ್ ನಂತರ ನೌಕರಿಗೆ ಸೇರಿದ ಮೇಷ್ಟ್ರುಗಳು ಹೊಸ ಪಿಂಚಣಿ ಯೋಜನೆಗೆ ಬಂದರು. ಹಳೆಯದೇ ಬೇಕು ಅಂತ ಅವರು ಎಷ್ಟು ಹೋರಾಡಿದರು, ನಿಮಗೆ ಗೊತ್ತಿಲ್ಲದ್ದೇನಲ್ಲ. ಅವರು ಬೀದಿಗಿಳಿದು ಕೇಳಿದ್ದು ನಿಮ್ಮ ಮನೆಯಲ್ಲಿ ಪ್ರತಿ ತಿಂಗಳು ಬಂದು ಬೀಳುತ್ತಿದೆ.

ಕುಡಿಕೆ ಹೊನ್ನಿನ ಗಾದೆ ಸುಳ್ಳಲ್ಲ ಮೇಷ್ಟ್ರೇ. ಅದು ಕುಡಿಕೆ ಇರುವವರಿಗೆ ಹೇಳಿದ್ದು. ಕುಡಿಕೆಯಲ್ಲಿ ತೆಗೆದಷ್ಟೂ ಕಡಿಮೆಯಾಗುತ್ತದೆ. ನಿಮ್ಮದು ಒರತೆ ಇರುವ ಬಾವಿ. ಸೇದದಿದ್ದರೆ ನೀರು ಹೆಚ್ಚೇನೂ ಆಗುವುದಿಲ್ಲ, ಪಾಚಿ ಕಟ್ಟುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಕೈ ಬಿಚ್ಚಿಕೊಳ್ಳುವುದಿಲ್ಲ ಅಂತ ನನಗೆ ಗೊತ್ತು. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಕೌಂಟರಿನ ಆ ಕಡೆ ನಿಮ್ಮ ಥರದವರನ್ನು ನೂರಾರು ಜನ ನೋಡಿದ್ದೇನೆ. ಬಂದು ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನೋಡಿ, ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಹೋಗುತ್ತಿದ್ದರು. ಅವರನ್ನು ಜುಗ್ಗರು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ವಯಸ್ಸಿನವರು ಶಾಲೆಯಲ್ಲಿ ಕೊಡುತ್ತಿದ್ದ ಕೇರ್ ಉಪ್ಪಿಟ್ಟಿಗೆ ತಟ್ಟೆ ಹಿಡಿದು ನಿಂತವರು. ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ಏನೇನು ಮಾರಿಹೋಯಿತು ಅಂತ ನೋಡಿದವರು. ನಿಮ್ಮ ಜಿಲ್ಲೆಯಲ್ಲಂತೂ ಬರ ಅನ್ನುವುದು ಮನೆಗೆ ಬಂದು ಹೋಗುವ ನೆಂಟನ ಹಾಗೆ. ಹಾಗೆ ಬೆಳೆದವರಿಗೆ ದುಡ್ಡು ಅಂದರೆ ಖರ್ಚು ಮಾಡುವ ವಸ್ತು ಅಲ್ಲ. ಅದು ಬಾಗಿಲಿಗೆ ಹಾಕುವ ಚಿಲಕ. ಆ ಭಯ ಸುಳ್ಳಲ್ಲ, ಅದಕ್ಕೆ ಕಾರಣ ಇತ್ತು. ಆ ಭಯವೇ ನಿಮ್ಮ ಇಬ್ಬರು ಮಕ್ಕಳನ್ನು ಓದಿಸಿತು, ಮನೆ ಕಟ್ಟಿಸಿತು. ಒಬ್ಬ ಮೇಷ್ಟ್ರ ಸಂಬಳದಲ್ಲಿ 68 ಲಕ್ಷ ಉಳಿಸುವುದು ಸುಮ್ನೆ ಮಾತಲ್ಲ.

ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಆ ಉಳಿತಾಯ ಯಾರ ಪಾಲಿನಿಂದ ಬಂತು?

ನೀವು ಬಸ್ಸಿನ ಬದಲು ಸೈಕಲ್ಲಿನಲ್ಲಿ ಹೋಗಿರಬಹುದು, ಎರಡೇ ಜೊತೆ ಪ್ಯಾಂಟಿನಲ್ಲಿ ವರ್ಷ ಕಳೆದಿರಬಹುದು. ಅದು ನಿಮ್ಮ ಪಾಲು, ನೀವು ಒಪ್ಪಿ ಬಿಟ್ಟದ್ದು. ಮನೆಯವರ ಪಾಲು ಬೇರೆ ಇದೆ. ತಿಂಗಳ ಕೊನೆಯಲ್ಲಿ ಬೇಳೆ ಕಡಿಮೆ ಹಾಕಿ ಸಾರು ಮಾಡಿದ್ದು, ಮಿಕ್ಸಿ ಕೆಟ್ಟಾಗ ಒರಳಿನಲ್ಲಿ ರುಬ್ಬಿದ್ದು, ತಂಗಿ ಮನೆಯ ಮದುವೆಗೆ ಹಳೇ ಸೀರೆಯಲ್ಲೇ ಹೋಗಿ ಬಂದದ್ದು. ಇವೆಲ್ಲ ನಿಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಆದರೆ ಹಿಡಿತದ ಮನೆಗಳು ಹೇಗೆ ನಡೆಯುತ್ತವೆ ಅಂತ ಗೊತ್ತು. ಅಲ್ಲಿ ನೂರು ರೂಪಾಯಿ ಉಳಿದರೆ ಐವತ್ತು ಅಡುಗೆಮನೆಯಲ್ಲಿ ಉಳಿದಿರುತ್ತದೆ. ಎಫ್‌ಡಿ ರಸೀದಿಯ ಮೇಲೆ ಹೆಸರು ಮಾತ್ರ ಗಂಡಸರದ್ದು.

ನನ್ನ ಮಟ್ಟಿಗೆ ಮಿತವ್ಯಯಕ್ಕೂ ಜುಗ್ಗತನಕ್ಕೂ ಇರುವ ಗೆರೆ ಇದೇ. ಎಷ್ಟು ಖರ್ಚು ಮಾಡುತ್ತೀರಿ ಅನ್ನುವುದರಲ್ಲಿ ಅದು ಇಲ್ಲ. ಯಾರು ಬಿಟ್ಟುಕೊಡುತ್ತಾರೆ, ಅವರನ್ನು ಕೇಳಿದ್ದೀರಾ ಅನ್ನುವುದರಲ್ಲಿ ಇದೆ. ಆಯ್ದಕ್ಕಿ ಮಾರಯ್ಯನ ಕತೆ ನೀವು ಪಾಠ ಮಾಡದಿದ್ದರೂ ಕೇಳಿರುತ್ತೀರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಬದುಕುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ನಮಗೆ ಬೇಡ, ವಾಪಸ್ ಹಾಕಿ ಬನ್ನಿ ಅಂದವಳು ಲಕ್ಕಮ್ಮ. ಆ ಮನೆಯ ಹಿಡಿತ ಲಕ್ಕಮ್ಮನ ಬಾಯಿಂದ ಬಂತು, ಗಂಡ ಹೇರಿದ್ದಲ್ಲ. ಅದಕ್ಕೇ ಅದಕ್ಕೆ ಅಷ್ಟು ಗೌರವ. ನಿಮ್ಮ ಮನೆಯವರು ‘ಸಾಕಾಯ್ತು’ ಅಂದಿದ್ದಾರೆ. ಅವರು ಇನ್ನು ಒಪ್ಪುತ್ತಿಲ್ಲ. ಅವರು ಒಪ್ಪದ ಮೇಲೂ ಅವರ ಮಂಡಿಯಿಂದ ಉಳಿಸಿದರೆ, ಅದನ್ನು ಉಳಿತಾಯ ಅಂತ ಕರೆಯಲು ನನಗೆ ಆಗುವುದಿಲ್ಲ.

ಈಗ ಷಡ್ಡಕರ ವಿಷಯ. ನಮ್ಮ ಕಡೆ ಸಂಬಂಧ ನೋಡುವಾಗ ಒಂದು ಮಾತಿದೆ, ‘ಹುಡುಗನ ಮನೆಯವರು ಅನುಕೂಲಸ್ಥರಂತೆ’ ಅಂತ. ದುಡ್ಡಸ್ಥರು ಅನ್ನುವುದಿಲ್ಲ, ಅನುಕೂಲಸ್ಥರು ಅನ್ನುತ್ತಾರೆ. ಆ ಮಾತು ಹುಟ್ಟಿಸಿದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಕಾಯಿಲೆ ಬಿದ್ದರೆ, ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ, ಮಗುವಿಗೆ ಫೀಸು ಕಟ್ಟಬೇಕಾದರೆ ಕಷ್ಟ ಆಗಬಾರದು. ಅಷ್ಟು ಇದ್ದರೆ ಅನುಕೂಲ. ಈ ಅಳತೆಯಲ್ಲಿ ನೋಡಿದರೆ ನಿಮ್ಮಿಬ್ಬರಿಗೂ ಅರ್ಧರ್ಧ ಇದೆ. ಅವರ ಹತ್ತಿರ ಇವತ್ತಿನ ಅನುಕೂಲ ಇದೆ, ನಾಳೆಯ ಧೈರ್ಯ ಕಡಿಮೆ. ನಿವೃತ್ತಿಯಾದ ಮೇಲೂ ಕಂತು ಕಟ್ಟುವುದು ಅಪಾಯವೇ. ನಿಮ್ಮ ಹತ್ತಿರ ನಾಳೆಯ ಧೈರ್ಯ ಬೇಕಾದಷ್ಟಿದೆ, ಇವತ್ತಿನ ಅನುಕೂಲ ಇಲ್ಲ. ದುಡ್ಡಿರುವ ಮನೆಯಲ್ಲಿ ಮಂಡಿ ನೋವಿರುವ ಹೆಂಗಸು ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಲ್ಲುತ್ತಾರೆ ಅಂದರೆ ಅದು ಅನುಕೂಲಸ್ಥರ ಮನೆ ಆಗಲಿಲ್ಲ ಅಲ್ವಾ?

ಅವರು ಸುತ್ತಾಡಿದ್ದೆಲ್ಲ ದುಂದು ಅಂತ ಮಾತ್ರ ಅಂದುಕೊಳ್ಳಬೇಡಿ. ಬಾದಾಮಿ ಮೆಟ್ಟಿಲು ಹತ್ತುವುದಕ್ಕೆ, ಶ್ರವಣಬೆಳಗೊಳದ ಬೆಟ್ಟ ಏರುವುದಕ್ಕೆ ಒಂದು ವಯಸ್ಸಿದೆ. ಆ ವಯಸ್ಸು ಎಫ್‌ಡಿಯಲ್ಲಿ ಇಟ್ಟರೆ ಬೆಳೆಯುವುದಿಲ್ಲ.

ನಾನು ತಿಪಟೂರು ಕಡೆಯವಳು. ನಮ್ಮ ಅಪ್ಪನದು ತೆಂಗಿನ ತೋಟ. ಉಂಡೆ ಕೊಬ್ಬರಿ ಹೇಗೆ ಮಾಡುತ್ತಾರೆ ಅಂತ ನಿಮಗೆ ಗೊತ್ತಿರಬಹುದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನುತ್ತದೆ. ಆಗ ಇಳಿಸಿ, ಸುಲಿಸಿ, ಒಡೆಸಿ ಮಾರ್ಕೆಟ್ಟಿಗೆ ಒಯ್ಯಬೇಕು. ಅವಸರ ಮಾಡಿ ಮೊದಲೇ ಒಡೆದರೆ ಹಸಿ, ಬೆಲೆ ಇಲ್ಲ. ಇಡುವ ತಾಳ್ಮೆ ಅಪ್ಪನಿಗೆ ಚೆನ್ನಾಗಿತ್ತು. ಇಳಿಸುವುದು ಬರುತ್ತಿರಲಿಲ್ಲ. ಒಂದು ವರ್ಷ ಕೊಬ್ಬರಿ ಆಗಿ ಕೂತಿತ್ತು. ಇನ್ನೂ ರೇಟು ಬರಲಿ, ಇನ್ನೂ ಬರಲಿ ಅಂತ ಬಿಟ್ಟರು. ಅವ್ವ ದಿನಾ ಅಟ್ಟದ ಕಡೆ ನೋಡಿ ‘ಇಳಿಸೋದು ಯಾವಾಗ?’ ಅಂತ ಕೇಳುತ್ತಿದ್ದಳು. ಕೊನೆಗೆ ಇಳಿಸಿದಾಗ ಅರ್ಧಕ್ಕರ್ಧ ಹುಳ ಹಿಡಿದಿತ್ತು, ಕಮಟು ವಾಸನೆ. ಅವ್ವ ಆ ವರ್ಷ ಕಿವಿಯ ಓಲೆ ಮಾಡಿಸಬೇಕು ಅಂದುಕೊಂಡಿದ್ದಳು. ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇವತ್ತಿಗೂ ಕೇಳಿಸುತ್ತದೆ. ನಿಮ್ಮ ಮನೆಯವರು ಬಾಯಿಬಿಟ್ಟು ಜಗಳವಾದರೂ ಆಡಿದರಲ್ಲ, ಅದು ಒಳ್ಳೆಯದೇ ಅಂತ ನನಗನ್ನಿಸಿತು.

ಹಾಗೆ ಅಟ್ಟದಲ್ಲೇ ಉಳಿದುಹೋದ ದುಡ್ಡು ದೇಶದ ತುಂಬ ಇದೆ. ಹತ್ತು ವರ್ಷ ಯಾರೂ ಮುಟ್ಟದ, ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ. 2023ರ ಫೆಬ್ರವರಿ ವೇಳೆಗೆ ಸರ್ಕಾರಿ ಬ್ಯಾಂಕುಗಳಿಂದ ಮಾತ್ರ ಹೀಗೆ ಹೋದದ್ದು 35 ಸಾವಿರ ಕೋಟಿ ರೂಪಾಯಿ. ಅದನ್ನು ವಾರಸುದಾರರು ಹುಡುಕಲಿ ಅಂತಲೇ ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ‘ಉದ್ಗಮ್’ ಅನ್ನುವ ವೆಬ್‌ಸೈಟ್ ತೆರೆಯಿತು. ಅಷ್ಟೂ ದುಡ್ಡನ್ನು ಯಾರೋ ಯಾವುದನ್ನೋ ಬಿಟ್ಟುಕೊಟ್ಟು ಉಳಿಸಿದ್ದು. ಎಷ್ಟೋ ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಆ ರಸೀದಿ ಇದೆ ಅಂತಲೂ ಗೊತ್ತಿರುವುದಿಲ್ಲ. ನಿಮ್ಮ ಎಫ್‌ಡಿಗಳ ಪಟ್ಟಿ ಮನೆಯವರ ಕೈಯಲ್ಲಿ ಇದೆಯಾ? ಎಲ್ಲದಕ್ಕೂ ನಾಮಿನಿ ಆಗಿದೆಯಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ.

ಇನ್ನೊಂದು ವಿಷಯ ಹೇಳಲೇಬೇಕು. ಇಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ. ವಾಷಿಂಗ್ ಮೆಷಿನ್ನಿಗೆ 20 ಸಾವಿರ ಕೊಡಲು ಯೋಚಿಸುವವರು, ಒಂದು ಪರ್ಸೆಂಟ್ ಬಡ್ಡಿಗೋಸ್ಕರ 20 ಲಕ್ಷವನ್ನು ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದೀರಿ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಅದೂ ಅಸಲು ಬಡ್ಡಿ ಎರಡೂ ಸೇರಿ. 2020ರ ಫೆಬ್ರವರಿಗೆ ಮುಂಚೆ ಅದು ಬರೀ 1 ಲಕ್ಷ ಇತ್ತು. ಹೆಸರಿನಲ್ಲಿ ಸಹಕಾರ ಇದ್ದು ಅದು ಬ್ಯಾಂಕಲ್ಲದೆ ಪತ್ತಿನ ಸಂಘವಾಗಿದ್ದರೆ ಆ 5 ಲಕ್ಷವೂ ಇಲ್ಲ. ರಸೀದಿ ತೆಗೆದು ಸರಿಯಾಗಿ ಓದಿ. ನಿಮ್ಮ ಬ್ಯಾಂಕು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೆ 20 ಸಾವಿರ ಹೆಚ್ಚಿಗೆ ಸಿಗಲಿ ಅಂತ 15 ಲಕ್ಷವನ್ನು ವಿಮೆ ಇಲ್ಲದೆ ಬಿಟ್ಟಿದ್ದೀರಿ ಅಂತ ಹೇಳುತ್ತಿದ್ದೇನೆ. ಚಿಕ್ಕ ಖರ್ಚನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು ದೊಡ್ಡ ಅಪಾಯವನ್ನು ನೋಡದೆ ಇರುವುದನ್ನು ಬ್ಯಾಂಕಿನಲ್ಲಿ ತುಂಬಾ ಸಲ ಕಂಡಿದ್ದೇನೆ.

ನಾನಾದರೆ ಹೀಗೆ ಮಾಡುತ್ತೇನೆ. ಪೋಸ್ಟ್ ಆಫೀಸಿನಲ್ಲೋ ನಿಮ್ಮ ಸರ್ಕಾರಿ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆ ತೆರೆಯಿರಿ. 60 ದಾಟಿದವರಿಗೆ ಇರುವುದು. 2023ರಲ್ಲಿ ಇದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಬಡ್ಡಿಯೂ 8.2 ಪರ್ಸೆಂಟ್ ಆಯಿತು. ದರ ಮೂರು ತಿಂಗಳಿಗೊಮ್ಮೆ ಪರಿಶೀಲನೆ ಆಗುತ್ತದೆ, ಹಾಗಾಗಿ ಹೋದ ದಿನ ಕೇಳಿ. ನೀವು ಸೇರಿದ ದಿನ ಇದ್ದ ದರ 5 ವರ್ಷ ಬದಲಾಗುವುದಿಲ್ಲ. ಸಹಕಾರಿ ಬ್ಯಾಂಕಿನ ಎಫ್‌ಡಿ ಮುಗಿದ ಹಾಗೆ ಆ ದುಡ್ಡು, ಜೊತೆಗೆ ಸರ್ಕಾರಿ ಬ್ಯಾಂಕಿನ ಎಫ್‌ಡಿಯಿಂದ 10 ಲಕ್ಷ ಸೇರಿಸಿ 30 ಲಕ್ಷ ಇಡಿ. ಮನೆಯವರ ಹೆಸರನ್ನು ಜಂಟಿಯಾಗಿ ಹಾಕಿಸಿ.

30 ಲಕ್ಷಕ್ಕೆ 8.2 ಅಂದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಈ ದುಡ್ಡನ್ನು ಪೆನ್ಷನ್ ಖಾತೆಗೆ ಹಾಕಿಸಿಕೊಳ್ಳಬೇಡಿ, ಅಲ್ಲಿ ಕರಗಿ ಇನ್ನೊಂದು ಎಫ್‌ಡಿ ಆಗಿಬಿಡುತ್ತದೆ. ಇಬ್ಬರ ಹೆಸರಿನಲ್ಲಿ ಬೇರೆ ಉಳಿತಾಯ ಖಾತೆ ತೆರೆದು ಅಲ್ಲಿಗೆ ಬರಲಿ. ಎಟಿಎಂ ಕಾರ್ಡು ಮನೆಯವರ ಕೈಗೆ ಕೊಡಿ. ಒಂದೇ ನಿಯಮ: ಮುಂದಿನ 61,500 ಬರುವಷ್ಟರಲ್ಲಿ ಹಿಂದಿನದು ಮುಗಿದಿರಬೇಕು. ಜೀವನಪೂರ್ತಿ ಉಳಿಸುವುದನ್ನು ನೇಮವಾಗಿ ಮಾಡಿದವರಿಗೆ ಖರ್ಚನ್ನೂ ನೇಮ ಮಾಡಿಕೊಟ್ಟರೆ ಮಾತ್ರ ಕೈಗೆ ಬರುತ್ತದೆ. ಇದನ್ನು ಕೆಲವು ಮನೆಗಳಲ್ಲಿ ಮಾಡಿಸಿದ್ದೇನೆ. ಮೊದಲ ಎರಡು ಕಂತು ತುಂಬಾ ಕಷ್ಟ. ಆಮೇಲೆ ಸರಿಹೋಗುತ್ತದೆ.

ಮಂಡಿಯ ವಿಷಯಕ್ಕೆ ಆ ಖಾತೆ ಕಾಯಬೇಡಿ. ಆಪರೇಷನ್ ಬೇಕೋ ಬೇಡವೋ ಅಂತ ಹೇಳುವವಳು ನಾನಲ್ಲ. ಇನ್ನೊಬ್ಬ ಮೂಳೆ ಡಾಕ್ಟರಿಗೆ ತೋರಿಸಿ ಅಭಿಪ್ರಾಯ ಕೇಳಿ. ಬೇಕು ಅಂದರೆ ದುಡ್ಡಿನ ಕಾರಣಕ್ಕೆ ಒಂದು ದಿನವೂ ನಿಲ್ಲಿಸಬೇಡಿ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿದೆ. ಹಾಗಾಗಿ ಆಸ್ಪತ್ರೆಯವರು ಕೊಡುವ ಅಂದಾಜಿನಲ್ಲಿ ಮಂಡಿಗೆ ಎಷ್ಟು, ಕೋಣೆಗೆ ಎಷ್ಟು, ಡಾಕ್ಟರಿಗೆ ಎಷ್ಟು ಅಂತ ಬಿಡಿಸಿ ಬರೆದುಕೊಡಲು ಕೇಳಿ. ನಿಮ್ಮ ಮಿತವ್ಯಯ ಇಲ್ಲಿ ಕೆಲಸಕ್ಕೆ ಬರುತ್ತದೆ, ಎರಡು ಮೂರು ಕಡೆ ವಿಚಾರಿಸಿ. ಎರಡೂ ಮಂಡಿ, ಓಡಾಟ, ಆಮೇಲಿನ ಫಿಸಿಯೋಥೆರಪಿ ಎಲ್ಲ ಸೇರಿ 7 ಲಕ್ಷ ಎತ್ತಿಡಿ ಅಂದುಕೊಳ್ಳಿ. 7 ಲಕ್ಷ ದೊಡ್ಡ ಮೊತ್ತ ಅನ್ನಿಸುತ್ತದೆ. ಮೊದಲು ಮಾಡಿದ ಲೆಕ್ಕಕ್ಕೆ ವಾಪಸ್ ಹೋಗಿ. ತಿಂಗಳಿಗೆ 63 ಸಾವಿರ ಉಳಿಯುತ್ತಿದೆ. 7 ಲಕ್ಷ ಅಂದರೆ ಹನ್ನೊಂದು ಹನ್ನೆರಡು ತಿಂಗಳ ಉಳಿತಾಯ, ಅಷ್ಟೇ. ಅವರು ಎರಡು ವರ್ಷ ನೋವು ತಿಂದಿದ್ದಾರೆ. ಆ ಎರಡು ವರ್ಷದಲ್ಲಿ ಅದರ ಎರಡರಷ್ಟು ದುಡ್ಡು ನಿಮ್ಮ ಖಾತೆಗೆ ಬಂದು ಸೇರಿದೆ.

ಆರೋಗ್ಯ ವಿಮೆ ಇದೆಯೋ ಇಲ್ಲವೋ ನೀವು ಬರೆದಿಲ್ಲ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಮಿತಿಯನ್ನು ವಿಮಾ ಪ್ರಾಧಿಕಾರ 2024ರಲ್ಲಿ ತೆಗೆದುಹಾಕಿದೆ. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿಯೂ ಹೆಚ್ಚೆಂದರೆ 3 ವರ್ಷ. ಕಂತು ದುಬಾರಿ ಅನ್ನಿಸಿದರೆ 10 ಲಕ್ಷವನ್ನು ಆಸ್ಪತ್ರೆಗೆ ಅಂತಲೇ ಬೇರೆ ಎಫ್‌ಡಿ ಮಾಡಿ, ಅದನ್ನು ಮುಟ್ಟಬೇಡಿ. ಆ ಒಂದು ಎಫ್‌ಡಿ ನಿಮ್ಮ ಹಳೇ ಭಯಕ್ಕೆ ಜಾಗ ಕೊಟ್ಟ ಹಾಗೆ. ಅದು ಅಲ್ಲಿ ಕೂತಿರಲಿ, ಮನೆ ತುಂಬಾ ಓಡಾಡುವುದು ಬೇಡ.

ಮಕ್ಕಳಿಗೆ ಇರಲಿ ಅನ್ನುವುದು ತಪ್ಪಲ್ಲ. ಲೆಕ್ಕ ಮಾತ್ರ ಒಮ್ಮೆ ನೋಡಿ. ನೀವು 88 ವರ್ಷ ಬಾಳಿದರೆ, ಬಾಳಬೇಕು ಅಂತಲೇ ನನ್ನ ಆಸೆ, ಆಗ ನಿಮ್ಮ ಮಕ್ಕಳಿಗೇ ಅರವತ್ತರ ಹತ್ತಿರ. ಅವರೇ ನಿವೃತ್ತರಾಗುವ ಹೊತ್ತಿಗೆ ಕೈಗೆ ಬರುವ ದುಡ್ಡಿನಿಂದ ಏನು ಉಪಯೋಗ? ಕೊಡುವುದಿದ್ದರೆ ಅವರಿಗೆ ನಿಜವಾಗಿ ಕಷ್ಟ ಇರುವಾಗ, ಮನೆ ಕೊಳ್ಳುವಾಗಲೋ ಮೊಮ್ಮಕ್ಕಳ ಓದಿಗೋ, ಸ್ವಲ್ಪ ಕೊಡಿ. ಮಗನಿಗೆ ಎಷ್ಟೋ ಮಗಳಿಗೂ ಅಷ್ಟು. ಆದರೆ ಅದೆಲ್ಲ ಮನೆಯವರ ಪಾಲು ಎತ್ತಿಟ್ಟ ಮೇಲೆ. ನಿಮ್ಮ ಕಾಲಾನಂತರ ಅವರು ಒಬ್ಬರೇ ಹತ್ತು ಹದಿನೈದು ವರ್ಷ ಇರಬೇಕಾಗಿ ಬರಬಹುದು. ಆಗ ಅವರು ಯಾರ ಮುಂದೆಯೂ ಕೈ ಚಾಚಬಾರದು. ಹಾಗಾಗಿ ಪೂರ್ತಿ ಖರ್ಚು ಮಾಡಿ ಮುಗಿಸಿ ಅಂತ ನಾನು ಹೇಳುವುದೇ ಇಲ್ಲ. ಅಸಲು ಹಾಗೇ ಇರಲಿ.

ನಿಮ್ಮ ಒಳ್ಳೆಯ ಅಭ್ಯಾಸಗಳನ್ನೂ ಬಿಡಬೇಡಿ. ಯಾರೂ ಇಲ್ಲದ ಕೋಣೆಯ ಫ್ಯಾನ್ ಆರಿಸುವುದು, ಅನ್ನ ಚೆಲ್ಲದೆ ಇರುವುದು, ಸಾಲ ಮಾಡದೆ ಇರುವುದು. ಷಡ್ಡಕರ ಹಾಗೆ ಕಾರು ತರಬೇಕು ಅಂತೇನಿಲ್ಲ. ನಿಮಗೆ ಬಸ್ಸು ಸಾಕು ಅನ್ನಿಸಿದರೆ ಬಸ್ಸೇ ಸಾಕು. ಅದು ನಿಮ್ಮ ಪಾಲಿನಿಂದ ಉಳಿಸಿದ್ದು, ಅದರ ಮೇಲೆ ನಿಮಗೆ ಪೂರ್ತಿ ಹಕ್ಕಿದೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಒಂದು ಹಾಳೆ, ಪೆನ್ನು ಮನೆಯವರ ಕೈಗೆ ಕೊಟ್ಟು, ಏನೇನು ಬೇಕು ಬರಿ ಅನ್ನಿ. ಅವರು ಬರೆದ ಮೇಲೆ ಓದಿ, ಆದರೆ ಒಂದು ದಿನ ಏನೂ ಉತ್ತರ ಕೊಡಬೇಡಿ. ‘ಇದು ಯಾಕೆ’ ಅಂತಲೂ ಬೇಡ, ‘ಇದಕ್ಕೆ ಎಷ್ಟಾಗುತ್ತೆ’ ಅಂತಲೂ ಬೇಡ. ನನ್ನ ಅನುಭವದಲ್ಲಿ ಆ ಪಟ್ಟಿಗಳು ತುಂಬಾ ಚಿಕ್ಕವಾಗಿರುತ್ತವೆ. ಅವರು ಏನೂ ಬೇಡ ಅಂತ ಹಾಳೆ ವಾಪಸ್ ಕೊಟ್ಟರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ, ಇನ್ನೊಂದು ದಿನ ಮತ್ತೆ ಕೊಡಿ.

ಪಟ್ಟಿ ಆದಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಈ ಸಲ ಇಬ್ಬರೂ ಕೂತು ಬರೆಯಿರಿ.